ಹಿಡಿಯದ ಕೈ

ಸಂಗಮನಾಥನ ಕೈ ಏನನ್ನಾದರೂ ಒಮ್ಮೆ ಹಿಡಿದರೆ ಬಿಡುವುದಿಲ್ಲ ಎಂಬ ಮಾತು ಶಹಾಪುರ, ಸುರಪುರದ ಕಬಡ್ಡಿ ಅಂಗಳಗಳಲ್ಲಿ ಹುಟ್ಟಿತು. ಆಗ ಅವನಿಗೆ ಹದಿನಾರು ವರ್ಷ. ಅಂಗಳದ ಎಡ ಮೂಲೆಯಲ್ಲಿ ಬಾಗಿ ನಿಲ್ಲುತ್ತಿದ್ದ. ದಾಳಿಗೆ ಬಂದವನು ಹಿಂದೆ ಸರಿಯಲು ಕಾಲೆತ್ತಿದ ಕ್ಷಣದಲ್ಲಿ ಅವನ ಪಾದದ ಗಂಟಿಗೆ ಎರಡೂ ಕೈ ಹಾಕುತ್ತಿದ್ದ. ಸೀಟಿ ಊದಿದ ಮೇಲೂ ಬಿಡಿಸಿಕೊಳ್ಳಲಾಗದ ಸುರಪುರದ ಆಟಗಾರನೊಬ್ಬ, “ನಿನ್ನ ಕೈಗೆ ಕೀಲಿ ಹಾಕ್ಯಾರೇನಪಾ, ತೆಗಿ” ಅಂದಿದ್ದನಂತೆ. ಸಂಗಮನಾಥನ ಹುಟ್ಟೂರು ಸಗರದಲ್ಲಿ ಇದನ್ನು ಬಹಳ ದಿನ ಹೇಳಿಕೊಂಡು ನಕ್ಕರು. ಅದೇ ಕೈ ಒಂಬತ್ತು ವರ್ಷಗಳ ನಂತರ ಅವನ ಅನ್ನಕ್ಕೇ ಕುತ್ತು ತಂದಿತು.

ಕಬಡ್ಡಿ ಅವನನ್ನು ಹೆಚ್ಚು ದಿನ ಇಟ್ಟುಕೊಳ್ಳಲಿಲ್ಲ. ಹಿರಿಯರ ಕಬಡ್ಡಿಯಲ್ಲಿ ಆಟಗಾರನ ತೂಕ ಎಂಬತ್ತೈದು ಕಿಲೋ ಮೀರಬಾರದು. ಹತ್ತೊಂಬತ್ತಕ್ಕೆ ಸಂಗಮನಾಥ ತೊಂಬತ್ತೇಳು ಕಿಲೋ ಇದ್ದ, ಎತ್ತರ ಆರಡಿ ಮೂರು ಅಂಗುಲ. ತಂದೆ ಆಗಲೇ ತೀರಿಕೊಂಡಿದ್ದರು. ತಾಯಿ ಗೊಲ್ಲಾಳಮ್ಮ ಶಹಾಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮನೆ ಮಾಡಿ, ಖಾನಾವಳಿಗಳಿಗೆ ದಿನಕ್ಕೆ ಇನ್ನೂರು ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಮಗ ಯಾದಗಿರಿಯ ಗಂಜ್‌ಗೆ, ಅಂದರೆ ಧಾನ್ಯದ ಮಾರುಕಟ್ಟೆಗೆ, ಹೋಗಿ ಹಮಾಲರ ಗುಂಪಿಗೆ ಸೇರಿದ. ಗುಂಪಿನ ಮುಕಾದಮ ಗಯಾಸ ಮೊದಲ ದಿನವೇ ಅವನ ಕೈಯಿಂದ ಕಬ್ಬಿಣದ ಕೊಕ್ಕೆ ಕಸಿದುಕೊಂಡ. ಕೊಕ್ಕೆ ಹಾಕಿದರೆ ಚೀಲ ಹರಿಯುತ್ತದೆ, ತೊಗರಿ ನೆಲಕ್ಕೆ ಸುರಿಯುತ್ತದೆ ಎಂಬುದು ಅವನ ತಕರಾರು. ಸಂಗಮನಾಥ ಕೊಕ್ಕೆ ಬಿಟ್ಟ. ಆದರೆ ಬೆರಳುಗಳನ್ನೇ ಕೊಕ್ಕೆ ಮಾಡಿಕೊಂಡ.

ಗಯಾಸನ ಮಗಳು ತರನ್ನುಮ ಕಲಬುರಗಿಯಲ್ಲಿ ದೈಹಿಕ ಶಿಕ್ಷಣ ಓದುತ್ತಿದ್ದಳು. ಅಮೆರಿಕನ್ ಫುಟ್‌ಬಾಲ್ ಆಡಲು ದೊಡ್ಡ ಮೈಯವರು ಬೇಕೆಂದು ಹೈದರಾಬಾದಿನಲ್ಲಿ ಆಯ್ಕೆ ಶಿಬಿರ ನಡೆಯುವುದು ಅವಳಿಗೆ ಫೋನಿನಲ್ಲಿ ಕಾಣಿಸಿತು. ಸಂಗಮನಾಥನ ಹೆಸರಿನಲ್ಲಿ ಅರ್ಜಿ ಅವಳೇ ತುಂಬಿದಳು. ತೂಕದ ಮಿತಿ ಎಷ್ಟು ಎಂದು ಸಂಗಮನಾಥ ಕೇಳಿದ. ಮಿತಿ ಇಲ್ಲ ಎಂದಾಗ, ಹಾಗಾದರೆ ಬರುತ್ತೇನೆ ಅಂದ. ಶಿಬಿರದಲ್ಲಿ ನಲವತ್ತು ಗಜವನ್ನು ಐದೂಕಾಲು ಸೆಕೆಂಡಿನಲ್ಲಿ ಓಡಿದ. ಆ ದಿನದ ಅವನ ತೂಕ ನೂರಾ ಹದಿನೆಂಟು ಕಿಲೋ. ಎರಡು ವರ್ಷ ಹೈದರಾಬಾದಿನಲ್ಲೇ ತರಬೇತಿ ನಡೆಯಿತು. ಅಲ್ಲಿ ಬಂದವರೆಲ್ಲ ಕಬಡ್ಡಿಯವರು, ಇಲ್ಲವೇ ಕುಸ್ತಿಯವರು. ಎಲ್ಲರೂ ಹಿಡಿಯುತ್ತಿದ್ದುದರಿಂದ ಹಿಡಿಯುವುದು ಯಾರಿಗೂ ತಪ್ಪೆಂದು ಕಾಣಲಿಲ್ಲ.

ಇಪ್ಪತ್ತೈದನೆಯ ವಯಸ್ಸಿನ ಮಾರ್ಚ್ ತಿಂಗಳಲ್ಲಿ ಅವನು ಅಮೆರಿಕದ ಕಾನ್ಸಾಸ್ ರಾಜ್ಯದ ಒಂದು ಸಣ್ಣ ಊರಿಗೆ ಹೋದ. ಅಲ್ಲಿನ ತಂಡ ಒಳಾಂಗಣದಲ್ಲಿ ಆಡುವಂಥದ್ದು. ಅಂಗಳದ ಉದ್ದ ಐವತ್ತು ಗಜ, ಒಂದೊಂದು ಕಡೆ ಎಂಟು ಜನ. ಸಂಗಮನಾಥನ ಜಾಗ ಮುಂದಿನ ಸಾಲು. ಸಾಲಿನವರು ಚೆಂಡು ಮುಟ್ಟುವುದಿಲ್ಲ, ಅಂಕ ಗಳಿಸುವುದಿಲ್ಲ. ಹಿಂದೆ ನಿಂತು ಚೆಂಡು ಎಸೆಯುವವನ ಮೇಲೆ ಎದುರಾಳಿ ನುಗ್ಗದಂತೆ ಮೂರು ಸೆಕೆಂಡು ತಡೆದರೆ ಅವರ ಕೆಲಸ ಮುಗಿಯಿತು. ತಡೆಯುವಾಗ ತೆರೆದ ಅಂಗೈಯಿಂದ ಎದೆಗೆ ತಳ್ಳಬಹುದು. ಬಟ್ಟೆ ಹಿಡಿಯಬಾರದು, ತೋಳು ಹಿಡಿಯಬಾರದು. ಹಿಡಿದರೆ ತೀರ್ಪುಗಾರ ಹಳದಿ ವಸ್ತ್ರ ಎಸೆಯುತ್ತಾನೆ. ತಂಡ ಹತ್ತು ಗಜ ಹಿಂದೆ ಹೋಗುತ್ತದೆ, ಅಂದರೆ ಅಂಗಳದ ಐದರಲ್ಲೊಂದು ಭಾಗ. ಆಮೇಲೆ ತಪ್ಪು ಮಾಡಿದವನ ಸಂಖ್ಯೆಯನ್ನು ಧ್ವನಿವರ್ಧಕದಲ್ಲಿ ಎಲ್ಲರಿಗೂ ಕೇಳುವಂತೆ ಕೂಗುತ್ತಾರೆ.

ಸಂಗಮನಾಥನ ಸಂಖ್ಯೆ ಅರವತ್ತೇಳು. ಮೊದಲ ಆರು ಪಂದ್ಯಗಳಲ್ಲಿ ಅದನ್ನು ಒಂಬತ್ತು ಸಲ ಕೂಗಿದರು. ಒಂಬತ್ತೂ ಹಿಡಿದದ್ದಕ್ಕೆ. ಎದುರಾಳಿ ಎದುರಿನಲ್ಲೇ ಇರುವ ತನಕ ಅವನು ಸರಿಯಾಗಿಯೇ ತಳ್ಳುತ್ತಿದ್ದ. ಪಕ್ಕಕ್ಕೆ ಜಾರಿ ದಾಟುತ್ತಾನೆ ಅನ್ನಿಸಿದ ಕೂಡಲೇ ಬೆರಳು ತಾವಾಗಿ ಮುಚ್ಚುತ್ತಿದ್ದವು.

ಸಾಲಿನ ಕೋಚ್ ಅವನ ಎರಡೂ ಮುಷ್ಟಿಯಲ್ಲಿ ಟೆನಿಸ್ ಚೆಂಡು ಹಿಡಿಸಿ ಅಭ್ಯಾಸ ಮಾಡಿಸಿದ. ಚೆಂಡು ಇರುವ ತನಕ ತಪ್ಪಾಗುತ್ತಿರಲಿಲ್ಲ, ತೆಗೆದರೆ ಮತ್ತೆ ಅದೇ. ಆರನೆಯ ಪಂದ್ಯದ ಮರುದಿನ ಕೋಚ್ ಅವನನ್ನು ಕೂರಿಸಿಕೊಂಡು ಲೆಕ್ಕ ಹೇಳಿದ. ಮುಂದಿನ ಮೂರು ಪಂದ್ಯ ಹೊರಗೆ ಕೂರಬೇಕು. ಕೊನೆಯ ಪಂದ್ಯಕ್ಕೆ ಇನ್ನು ಮೂವತ್ತಾರು ದಿನ ಇದೆ, ಅದರಲ್ಲಿ ಆಡಿಸುತ್ತೇನೆ. ಅದರಲ್ಲಿ ಒಂದೇ ಒಂದು ಸಲ ಹಿಡಿದರೂ ಮುಂದಿನ ವರ್ಷಕ್ಕೆ ಕರಾರು ಇಲ್ಲ. ಕೋಚ್ ಒರಟನೇನಲ್ಲ. ನಿನ್ನಷ್ಟು ಬಲ ಈ ತಂಡದಲ್ಲಿ ಯಾರಿಗೂ ಇಲ್ಲ, ಅದಕ್ಕೇ ಹೇಳುತ್ತಿದ್ದೇನೆ ಎಂದೂ ಸೇರಿಸಿದ. ಸಂಗಮನಾಥ ಕೋಣೆಗೆ ಬಂದು ಗೋಡೆಯ ಕ್ಯಾಲೆಂಡರಿನಲ್ಲಿ ಕೊನೆಯ ಪಂದ್ಯದ ದಿನಕ್ಕೆ ಗೆರೆ ಎಳೆದ. ಒಂದು ಆಟ ಅವನನ್ನು ತೂಗಿ ಹೊರಗೆ ಹಾಕಿತ್ತು. ಇನ್ನೊಂದರಿಂದ ಹೊರಬೀಳಲು ಅವನು ತಯಾರಿರಲಿಲ್ಲ.

ಅವನು ಮನೆಗೆ ವಿಡಿಯೋ ಕರೆ ಮಾಡುತ್ತಿದ್ದದ್ದು ಅಲ್ಲಿನ ಸಂಜೆ ಏಳಕ್ಕೆ. ಶಹಾಪುರದಲ್ಲಿ ಆಗ ಮರುದಿನದ ಬೆಳಗಿನ ಐದೂವರೆ. ಗೊಲ್ಲಾಳಮ್ಮ ಹಂಚಿನ ಮುಂದೆ ಕೂತಿರುವ ಹೊತ್ತು. ಉಪ್ಪಿನ ಡಬ್ಬಿಗೆ ಫೋನ್ ಆನಿಸಿ, ರೊಟ್ಟಿ ಬಡಿಯುತ್ತಲೇ ಮಾತಾಡುತ್ತಿದ್ದಳು. ಆ ಸಂಜೆ ಅವನು ಕೋಚ್ ಹೇಳಿದ್ದನ್ನು ತಿಳಿಸದೆ ಬೇರೆ ಸುದ್ದಿ ಹೇಳಿದ. ಜೊತೆಯ ಆಟಗಾರನೊಬ್ಬ ದನದ ಮೇವಿನ ಗಿರಣಿಯಲ್ಲಿ ಕೆಲಸ ಮಾಡುತ್ತಾನೆ. ಅಲ್ಲಿಗೆ ಕರೆದುಕೊಂಡು ಹೋಗಿದ್ದ. ಆಳೆತ್ತರದ ರಾಶಿಯಿಂದ ಒಂದು ಕಾಳು ಬಾಯಿಗೆ ಹಾಕಿ ಕಡಿದರೆ ಅದು ಜೋಳ, ಕೆಂಪು ಜೋಳ.

“ಜ್ವಾಳಾ ದನಕ್ಕ ಹಾಕ್ತಾರ?” ಗೊಲ್ಲಾಳಮ್ಮನ ಕೈ ನಿಂತಿತು. “ಮತ್ತ ಅವರೇನ್ ತಿಂತಾರ?”

“ದನಾ ತಿಂತಾರ, ಯವ್ವ.”

ಅಷ್ಟರಲ್ಲಿ ಪಕ್ಕದಲ್ಲಿ ಏನೋ ಹರಿಯಿತು. ಹೊಸದಾಗಿ ಕೆಲಸಕ್ಕೆ ಬಂದಿದ್ದ ಸುಮಲತಾ ಗೋಧಿ ಚಪಾತಿ ಲಟ್ಟಿಸಿ ಬೆಳೆದವಳು. ರೊಟ್ಟಿ ಅಗಲವಾಗದಿದ್ದಾಗ ಅಂಚು ಹಿಡಿದು ಎಳೆದಿದ್ದಳು. ಅದು ಆ ಬೆಳಗಿನ ಮೂರನೆಯ ರೊಟ್ಟಿ.

“ಹಿಡೀಬ್ಯಾಡಬೇ,” ಅಂದಳು ಗೊಲ್ಲಾಳಮ್ಮ. “ಹಿಡದ್ರ ಹರೀತದ, ಬಡದ್ರ ಬೆಳೀತದ. ಒಂದ್ ಕೈ ಬಡೀಲಿ, ಒಂದ್ ಕೈ ತಿರಗಸ್ಲಿ. ಬೆರಳ ಮ್ಯಾಲ ಇರ್ಲಿ.”

ಈ ಮಾತನ್ನು ಸಂಗಮನಾಥ ಹುಟ್ಟಿದಂದಿನಿಂದ ಕೇಳಿದ್ದ. ಆ ಸಂಜೆ ಮಾತ್ರ ಫೋನನ್ನು ಕೈಯ ಕಡೆ ತಿರುಗಿಸಿಡಲು ತಾಯಿಗೆ ಹೇಳಿದ. ಬಲ ಅಂಗೈ ಬಿದ್ದು ಕೂಡಲೇ ಮೇಲೇಳುತ್ತಿತ್ತು. ಎಡಗೈ ಅಂಚನ್ನು ಸವರಿದ ಹಾಗೆ ಮಾಡಿ ತಿರುಗಿಸುತ್ತಿತ್ತು. ಎರಡೂ ಕೈ ಒಮ್ಮೆಯೂ ಮುಚ್ಚಲಿಲ್ಲ. ಹೀಗೇ ನೋಡುತ್ತ ಅವನು ಹದಿನೈದು ರೊಟ್ಟಿ ನೋಡಿದ. ಕೊನೆಗೆ ಗೊಲ್ಲಾಳಮ್ಮನಿಗೆ ಅನುಮಾನ ಬಂದು, ಊಟ ಆಗಿಲ್ಲೇನು ಎಂದು ಕೇಳಿದಳು. ಆಗ ಅವನು ಮೂವತ್ತಾರು ದಿನಗಳ ವಿಷಯ ಹೇಳಿದ.

ಮರುದಿನ ಅಂಗಡಿಯಲ್ಲಿ ಬಿಳಿ ಜೋಳದ ಹಿಟ್ಟು ಸಿಕ್ಕಿತು. ಗೋಧಿ ಒಗ್ಗದವರಿಗೆಂದು ಸಣ್ಣ ಪೊಟ್ಟಣಗಳಲ್ಲಿ ಇಟ್ಟಿದ್ದರು. ಗೋಧಿ ಹಿಟ್ಟಿನಲ್ಲಿ ಎಳೆದರೆ ಹಿಗ್ಗುವ ಅಂಟು ಇರುತ್ತದೆ, ಜೋಳದಲ್ಲಿ ಅದಿಲ್ಲ. ಕುದಿನೀರು ಹಾಕಿ ನಾದಿದಾಗ ಬರುವ ಜಿಗಿಯೊಂದೇ ಆಧಾರ, ಮತ್ತು ಆ ಜಿಗಿ ಎಳೆತವನ್ನು ತಾಳುವುದಿಲ್ಲ. ಟೆನಿಸ್ ಚೆಂಡು ಮಾಡದ ಕೆಲಸವನ್ನು ಹಿಟ್ಟು ಮಾಡಿದ್ದು ಇದರಿಂದಲೇ. ಚೆಂಡು ಹಿಡಿದ ಕೈಗೆ ತಪ್ಪು ಮಾಡಲು ಜಾಗವೇ ಇರಲಿಲ್ಲ, ಹಾಗಾಗಿ ಅದು ಏನನ್ನೂ ಕಲಿಯಲಿಲ್ಲ. ಹಿಟ್ಟಿನ ಮೇಲಿನ ಕೈ ಬೇಕಾದರೆ ಹಿಡಿಯಬಹುದಿತ್ತು. ಹಿಡಿದ ಪ್ರತಿ ಸಲವೂ ಅಲ್ಲೇ, ಕಣ್ಣೆದುರೇ ಹರಿಯುತ್ತಿತ್ತು.

ಮೊದಲ ಸಂಜೆ ಅವನು ಬಡಿದ ಇಪ್ಪತ್ತು ರೊಟ್ಟಿಗಳಲ್ಲಿ ಹದಿನೇಳು ಹರಿದವು. ಅವನು ಕ್ಯಾಲೆಂಡರಿನ ಚೌಕದಲ್ಲಿ ಹದಿನೇಳು ಎಂದು ಬರೆದ. ಎಂಟನೆಯ ದಿನ ಹನ್ನೊಂದು, ಹದಿನೈದನೆಯ ದಿನ ಆರು. ಇಪ್ಪತ್ತೊಂದನೆಯ ದಿನ ಮತ್ತೆ ಒಂಬತ್ತಕ್ಕೆ ಏರಿತು. ಅಂದು ಹಿಟ್ಟು ಹಳತೆಂದು ಗೊಲ್ಲಾಳಮ್ಮ ಫೋನಿನಲ್ಲೇ ಕಂಡುಹಿಡಿದಳು. ಬೆಳಿಗ್ಗೆ ಅಂಗಳದಲ್ಲಿ ಜೊತೆಯವರ ಎದೆಯ ಮೇಲೆ ಅದೇ ಕೈ: ಬಡಿ, ಎತ್ತು, ತಿರುಗಿಸು, ಮತ್ತೆ ಬಡಿ. ಪಕ್ಕಕ್ಕೆ ಜಾರುವವನನ್ನು ಹಿಡಿದು ನಿಲ್ಲಿಸುವುದರ ಬದಲು, ಅವನು ಹೊರಟ ದಿಕ್ಕಿಗೇ ಇನ್ನಷ್ಟು ತಳ್ಳಿ ದೂರ ಕಳಿಸುವುದನ್ನು ಕಲಿತ. ರೊಟ್ಟಿಗಳನ್ನು ತಂಡದವರು ಬೆಣ್ಣೆ ಹಚ್ಚಿಕೊಂಡು ತಿಂದರು. ಮೂವತ್ತೈದನೆಯ ದಿನ ಚೌಕದಲ್ಲಿ ಒಂದು ಎಂದು ಬರೆದ. ಸೊನ್ನೆ ಬರೆಯುವ ದಿನ ಬರಲೇ ಇಲ್ಲ.

ಕೊನೆಯ ಪಂದ್ಯ ಶುರುವಾದದ್ದು ಶಹಾಪುರದ ಬೆಳಗಿನ ಐದೂವರೆಗೆ. ಗಯಾಸ ಯಾದಗಿರಿಯಿಂದ ಮೊದಲ ಬಸ್ಸಿಗೆ ಬಂದು ಒಲೆಯಿಂದ ದೂರ ಕುರ್ಚಿ ಹಾಕಿಕೊಂಡ. ಆಟ ಯಾರಿಗೂ ಪೂರ್ತಿ ಅರ್ಥವಾಗುತ್ತಿರಲಿಲ್ಲ. ಗೊಲ್ಲಾಳಮ್ಮ ನೋಡುವ ಗೋಜಿಗೇ ಹೋಗಲಿಲ್ಲ. ಮಗ ಅವಳಿಗೆ ಎರಡೇ ಇಂಗ್ಲಿಷ್ ಶಬ್ದ ಕಲಿಸಿದ್ದ: ಸಿಕ್ಸ್‌ಟಿ, ಸೆವೆನ್. ಎರಡೂ ಜೋಡಿಯಾಗಿ ಕೇಳಿಸದಿದ್ದರೆ ಸಾಕು. ಅವಳು ಫೋನಿಗೆ ಬೆನ್ನು ಮಾಡಿ ಕೂತು ರೊಟ್ಟಿ ಬಡಿಯುತ್ತ ಕಿವಿಯಿಂದಲೇ ಪಂದ್ಯ ನೋಡಿದಳು.

ಮಧ್ಯದಲ್ಲೊಮ್ಮೆ ಹಳದಿ ವಸ್ತ್ರ ಬಿತ್ತು. “ಸಿಕ್ಸ್‌ಟಿ” ಎಂದು ಕೇಳಿಸಿತು. ಅವಳ ಕೈ ಹಿಟ್ಟಿನ ಮೇಲೆ ಹಾಗೇ ನಿಂತಿತು. ಮುಂದಿನ ಶಬ್ದ “ಟೂ”. ಅವನ ಪಕ್ಕದವನ ತಪ್ಪು. ಹಂಚಿನ ಮೇಲಿದ್ದ ರೊಟ್ಟಿ ಅಷ್ಟರಲ್ಲಿ ಕರಿಯಾಗಿತ್ತು. ಗಯಾಸ, “ಇದು ನನಗ ಕೊಡ್ರಿ ಅಕ್ಕಾ, ನಾ ತಿಂತೀನಿ” ಅಂದ.

ಪಂದ್ಯ ಮುಗಿಯಲು ಒಂಬತ್ತು ಸೆಕೆಂಡು ಇತ್ತು. ಸಂಗಮನಾಥನ ತಂಡ ನಾಲ್ಕು ಅಂಕ ಹಿಂದೆ, ಇನ್ನೊಂದೇ ಎಸೆತ; ಅದನ್ನು ಅಂಗಳದ ಕೊನೆಯಲ್ಲಿ ಹಿಡಿದರೆ ಆರು ಅಂಕ. ಎದುರಿಗಿದ್ದವನು ಮೊದಲ ಭೇಟಿಯಲ್ಲಿ ಅವನಿಂದ ಎರಡು ಸಲ ತಪ್ಪು ಮಾಡಿಸಿದ್ದ ಚುರುಕು ಕಾಲಿನ ಆಟಗಾರ. ಬಲಕ್ಕೆ ಹೆಜ್ಜೆ ತೋರಿಸಿ ಎಡಕ್ಕೆ ಜಾರಿದ. ಅವನ ಭುಜದ ಬಟ್ಟೆ ಬೆರಳಿಗೆ ತಗುಲಿತ್ತು ಎಂದು ಸಂಗಮನಾಥ ಆಮೇಲೆ ಹೇಳಿದ. ಮುಚ್ಚಿದ್ದರೆ ಆ ಮನುಷ್ಯ ಅಲ್ಲೇ ನಿಲ್ಲುತ್ತಿದ್ದ. ಬೆರಳು ಮೇಲೆಯೇ ಇದ್ದವು. ಎಡಗೈ ಅವನ ಬದಿಯನ್ನು ತಿರುಗಿಸಿತು, ಬಲ ಅಂಗೈ ಪಕ್ಕೆಗೆ ಬಿತ್ತು. ಅವನು ಎರಡು ಹೆಜ್ಜೆ ಹೆಚ್ಚು ಅಗಲಕ್ಕೆ ಓಡಿದ. ಚೆಂಡು ಹಾರಿತು, ದೂರದ ಮೂಲೆಯಲ್ಲಿ ಹಿಡಿಯಬೇಕಾದವನ ಕೈಗೆ ಬಡಿದು ನೆಲಕ್ಕೆ ಬಿತ್ತು. ಹಳದಿ ವಸ್ತ್ರ ಬೀಳಲಿಲ್ಲ. ತಂಡ ಸೋತಿತು.

ಅರ್ಧ ಗಂಟೆಯ ನಂತರ ಫೋನಿಗೆ ಒಂದು ಚಿತ್ರ ಬಂತು. ಕೋಚ್ ಗೋಡೆಗೆ ಅಂಟಿಸಿದ, ಆ ದಿನದ ತಪ್ಪುಗಳ ಹಾಳೆ. ಸುಮಲತಾ ಅದನ್ನು ದೊಡ್ಡದು ಮಾಡಿ ಓದಿದಳು: ಅರವತ್ತೇಳರ ಮುಂದೆ ಸೊನ್ನೆ.

“ಸೊನ್ನಿ?” ಗೊಲ್ಲಾಳಮ್ಮ ಗಾಬರಿಯಾದಳು. “ನಪಾಸ ಮಾಡ್ಯಾರೇನು?”

“ಇಲ್ರಿ ಅಕ್ಕಾ,” ಅಂದ ಗಯಾಸ. “ಒಂದೂ ಚೀಲ ಹರದಿಲ್ಲ ಅಂತ ಬರ್ದಾರ.”

ಆಮೇಲೆ ಮಗನ ಕರೆಯೇ ಬಂತು. ಹಾಳೆಯ ಕೆಳಗೆ ಕೋಚ್ ಮುಂದಿನ ವರ್ಷದ ತರಬೇತಿ ಶುರುವಾಗುವ ಫೆಬ್ರವರಿಯ ತಾರೀಖು ಬರೆದು, ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟು ಹೋಗಿದ್ದನಂತೆ. ಗೊಲ್ಲಾಳಮ್ಮ ತಾರೀಖನ್ನು ಎರಡು ಸಲ ಹೇಳಿಸಿಕೊಂಡಳು. ಚೆಂಡು ಬಿಟ್ಟವನು ಯಾರು ಎಂದು ಕೇಳಿದಳು. ಅವನು ಪಾಪ ಕೋಣೆಯಲ್ಲಿ ತಲೆ ತಗ್ಗಿಸಿ ಕೂತಿದ್ದಾನೆ ಎಂದ ಸಂಗಮನಾಥ.

“ಆ ಹುಡುಗಗ ಎರಡ್ ರೊಟ್ಟಿ ಮಾಡಿ ಕೊಡು,” ಅಂದಳು ತಾಯಿ. “ಅಂಚ ದಪ್ಪ ಬಿಡಬ್ಯಾಡ.”

ಖಾನಾವಳಿಗೆ ಇನ್ನೂ ಅರವತ್ತು ರೊಟ್ಟಿ ಹೋಗಬೇಕಿತ್ತು. ಅವಳು ಫೋನನ್ನು ಮತ್ತೆ ಉಪ್ಪಿನ ಡಬ್ಬಿಗೆ ಆನಿಸಿ ಮುಂದಿನ ಉಂಡೆಯನ್ನು ಹಿಟ್ಟಿನ ಮೇಲಿಟ್ಟಳು.