ಮೇಸ್ತ್ರಿಗಳು ಕಲಿಸಿದ ‘ಇಲ್ಲ’

ಮಧ್ಯಾಹ್ನ ಮೂರಕ್ಕೆ ಶಿಫ್ಟ್ ಮುಗಿಯುವ ಹೊತ್ತಿಗೆ ಅವರ ಹುಬ್ಬುಗಳು ಬೆಳ್ಳಗಾಗಿರುತ್ತಿದ್ದವು. ನಲವತ್ತೂ ತುಂಬದ ಕಪ್ಪು ಮುಖ, ಅದರ ಮೇಲೆ ಹತ್ತಿಯ ಎಳೆ ಕೂತ ಮುದುಕರ ಹುಬ್ಬು. ಒರೆಸಿಕೊಳ್ಳಿ ಎಂದರೆ, “ಬುಡಮ್ಮ, ನಾಳೆ ಮತ್ತೆ ಕೂತ್ಕತದೆ” ಎನ್ನುತ್ತಿದ್ದರು.

ಅವರು ನಂಜನಗೂಡಿನ ನಮ್ಮ ನೂಲಿನ ಮಿಲ್ಲಿನ ಮೇಸ್ತ್ರಿಗಳು. ದಿನಾ ನರಸೀಪುರದಿಂದ ಮೊದಲ ಬಸ್ಸಿಗೆ ಬರುವರು. ಚೀಲದಲ್ಲಿ ಒಂದು ಡಬ್ಬಿ, ಒಂದು ಟವೆಲ್ಲು, ಬಸ್ಸಿನಲ್ಲೇ ಓದಿ ಮುಗಿಸಿದ ಪೇಪರು. ಪೇಪರನ್ನು ಕ್ಯಾಂಟೀನಿನಲ್ಲಿ ಬಿಟ್ಟು, ಚಪ್ಪಲಿ ಕಳಚಿ ಶೆಡ್ಡಿನೊಳಗೆ ಕಾಲಿಡುವರು.

ತೊಂಬತ್ತರ ದಶಕದ ಕೊನೆಗೆ ಇಟಲಿಯವರು ಮಿಲ್ಲಿನಲ್ಲಿ ಪಾಲು ಹಾಕಿದರು. ಹೊಸ ಮಿಷನ್ನುಗಳು ಬಂದವು, ಹೊಸ ಜನವೂ ಬಂದರು. ನಮ್ಮ ಶಿಫ್ಟಿನಲ್ಲಿ ಕಳಲೆ, ಹೆಮ್ಮರಗಾಲದ ಹೆಂಗಸರು ನಾವು, ಕೊಯಮತ್ತೂರಿನ ಒಬ್ಬ ಫಿಟ್ಟರು, ಒರಿಸ್ಸಾದ ಹತ್ತು ಹನ್ನೆರಡು ಗಂಡಸರು. ಮಿಕ್ಕ ಶಿಫ್ಟುಗಳಲ್ಲೂ ಹೀಗೇ ಬೆರಕೆ ಜನ. ನಾನು ನೂಲು ಸುತ್ತುವ ಮಿಷನ್ನಿನಲ್ಲಿದ್ದೆ. ಹರಿದ ಎಳೆಗೆ ಚಕ್ಕನೆ ಗಂಟು ಹಾಕುವುದನ್ನು ನನಗೆ ಕಲಿಸಿದ್ದು ಪಕ್ಕದಲ್ಲಿದ್ದ ಒರಿಸ್ಸಾದ ಅಣ್ಣ. ಮಾತೇ ಇಲ್ಲ, ಎಲ್ಲ ಬೆರಳಿನಲ್ಲೇ.

ಒಂದು ಬೇಸಿಗೆಯಲ್ಲಿ ಇಟಲಿಯ ಎಂಜಿನಿಯರ್ ಬಂದರು. ಮಿಷನ್ನಿಗೆ ತುಕ್ಕು ಹಿಡಿಯುತ್ತದೆ, ಶೆಡ್ಡಿನೊಳಗೆ ಬಿಡುವ ನೀರಿನ ತುಂತುರನ್ನು ಅರ್ಧಕ್ಕೆ ಇಳಿಸಿ ಎಂದರು. ನಮ್ಮ ಬಿಸಿಲಿಗೆ ಗಾಳಿಯ ತೇವ ಇಳಿದರೆ ನೂಲು ನಿಲ್ಲುವುದಿಲ್ಲ. ಇದು ನಮಗೆ ಗೊತ್ತಿತ್ತು, ಫಿಟ್ಟರಿಗೆ ಗೊತ್ತಿತ್ತು, ಒರಿಸ್ಸಾದವರಿಗೂ ಗೊತ್ತಿತ್ತು. ಅಷ್ಟು ದೂರದಿಂದ ಬಂದ ದೊಡ್ಡವರಿಗೆ ಮುಖದೆದುರು ಆಗುವುದಿಲ್ಲ ಎನ್ನುವುದು ಹೇಗೆ? ಎಲ್ಲರೂ ತಲೆಯಾಡಿಸಿದೆವು. ಮೇಸ್ತ್ರಿಗಳೂ ಆಡಿಸಿದರು. ಹನ್ನೊಂದು ಗಂಟೆಯಿಂದ ಶೆಡ್ಡಿನ ತುಂಬ ನೂಲು ಪಟಪಟ ಹರಿಯತೊಡಗಿತು. ಹಡಗಿಗೆ ಹೋಗಬೇಕಾದ ಲೋಡು ನಿಂತುಹೋಯಿತು.

ಮ್ಯಾನೇಜರು ಮರುದಿನ ಪಟ್ಟಿ ಹಿಡಿದು ಬಂದರು. “ಒಬ್ಬರ ಭಾಷೆ ಒಬ್ಬರಿಗೆ ಗೊತ್ತಿಲ್ಲ, ಅದಕ್ಕೇ ಇದೆಲ್ಲ. ಇನ್ಮೇಲೆ ಬೆಳಗ್ಗೆ ಕನ್ನಡದೋರು, ಮಧ್ಯಾಹ್ನ ತಮಿಳಿನೋರು, ರಾತ್ರಿಗೆ ಒರಿಸ್ಸಾದೋರು.”

“ಕಾಯ್ಲೆ ಭಾಷೆದಲ್ಲ ಸಾ,” ಎಂದರು ಮೇಸ್ತ್ರಿಗಳು. “ಎಲ್ರಿಗೂ ಗೊತ್ತಿತ್ತು. ದೊಡ್ಡೋರ ಮುಂದೆ ಇಲ್ಲ ಅನ್ನಾಕೆ ನಮಗೆ ಬಾಯಿ ಬರಾಕಿಲ್ಲ. ಒರಿಸ್ಸಾದೋರ್ಗೂ, ಫಿಟ್ಟರ್ಗೂ ಬರಾಕಿಲ್ಲ. ಅದ್ರಲ್ಲಿ ನಾವೆಲ್ಲ ಒಂದೇ ಜಾತಿ.”

“ನಿಂಗೂ ಗೊತ್ತಿತ್ತಾ?”

“ಗೊತ್ತಿತ್ತು ಸಾ. ನಾನೂ ಬಾಯಿ ಮುಚ್ಕಂಡಿದ್ದೆ. ಒಂದು ತಿಂಗಳು ಕೊಡಿ. ಸರಿ ಹೋಗ್ಲಿಲ್ಲ ಅಂದ್ರೆ ನನ್ನನ್ನೇ ಹತ್ತಿ ಗೋಡೌನಿನ ದೂಳಿಗೆ ಹಾಕಿ. ಈ ಜನಾನ ಮಾತ್ರ ಬ್ಯಾರೆಬ್ಯಾರೆ ಮಾಡ್ಬ್ಯಾಡಿ.”

ಒಂದು ತಿಂಗಳು ಮಾತ್ರ ಎಂದು ಮ್ಯಾನೇಜರು ಪಟ್ಟಿಯನ್ನು ಮಡಚಿ ಜೇಬಿಗಿಟ್ಟರು. ಮರುದಿನ ಬೆಳಿಗ್ಗೆ ಮೇಸ್ತ್ರಿಗಳು ಮಿಷನ್ನಿನ ಸ್ವಿಚ್ಚಿನ ಮುಂದೆ ಅಡ್ಡ ನಿಂತರು. “ನಿನ್ನೆ ನಾನು ಮಾಡಿದ ಒಂದು ತಪ್ಪು ಯೋಳ್ರಪ್ಪ. ಯೋಳೋಗಂಟ ಮಿಷನ್ನು ಓಡಾಕಿಲ್ಲ.” ನಾವು ನೆಲ ನೋಡಿದೆವು. ಫಿಟ್ಟರು ಹಲ್ಲು ಬಿಟ್ಟು, “ಮೇಸ್ತ್ರಿ, ನೀವು ತುಂಬಾ ಒಳ್ಳೇವರು” ಎಂದರು. “ಅದು ಬೆಣ್ಣೆ ಕಣಯ್ಯಾ, ತಪ್ಪು ಯೋಳು ಅಂದ್ರೆ!” ಶೆಡ್ಡೆಲ್ಲ ನಕ್ಕಿತು. ಅವತ್ತು ಇಪ್ಪತ್ತು ನಿಮಿಷ ಮಿಷನ್ನು ಸುಮ್ಮನೆ ನಿಂತಿತ್ತು.

ದಿನಾ ಬೆಳಿಗ್ಗೆ ಅದೇ ಪ್ರಶ್ನೆ. ನಾಲ್ಕನೇ ದಿನ ನಾನು ಸೆರಗು ಬಿಗಿಹಿಡಿದು ಹೇಳಿದೆ: “ಮೇಸ್ತ್ರಿಗಳೇ, ನೀವು ಒರಿಸ್ಸಾದೋರ್ನ ಬೈಯೋದೂ ಕನ್ನಡದಲ್ಲೇ, ಹೊಗಳೋದೂ ಕನ್ನಡದಲ್ಲೇ. ಬೈದಿದ್ದು ನಿಮ್ಮ ಮುಖ ನೋಡಿದ್ರೇ ಅವ್ರಿಗೆ ತಿಳೀತದೆ. ಹೊಗಳಿದ್ದು ತಿಳಿಯಲ್ಲ.”

ಅವರು ನೆಟ್ಟಗೆ ನನ್ನ ಪಕ್ಕದ ಅಣ್ಣನ ಬಳಿ ಹೋಗಿ, ಚೆನ್ನಾಗಾಯಿತು ಎನ್ನಲು ನಿಮ್ಮಲ್ಲಿ ಏನೆನ್ನುತ್ತಾರೆ ಎಂದು ಕೈಸನ್ನೆಯಲ್ಲೇ ಕೇಳಿ ತಿಳಿದುಕೊಂಡರು. ಅಂದಿನಿಂದ ಶೆಡ್ಡಿನಲ್ಲಿ “ಭಲ ಹೇಲಾ, ಭಲ ಹೇಲಾ” ಎಂದು ಕೂಗಿಕೊಂಡು ಓಡಾಡುವರು. ಅವರ ನರಸೀಪುರದ ಒರಿಯಾ ಮಾತಿಗೆ ಒರಿಸ್ಸಾದವರು ಹೊಟ್ಟೆ ಹಿಡಿದುಕೊಂಡು ನಗುವರು. ತಿಂಗಳು ಮುಗಿಯುವಷ್ಟರಲ್ಲಿ ಬೆಳಗಿನ ತಪ್ಪುಗಳಿಗೆ ಬರವಿರಲಿಲ್ಲ. ಒಬ್ಬೊಬ್ಬರು ಎರಡೆರಡು ಹೇಳುತ್ತಿದ್ದರು.

ಎಂಜಿನಿಯರ್ ಮತ್ತೆ ಬಂದರು. ಮಿಷನ್ನಿನ ವೇಗ ಏರಿಸಿ ಎಂದರು. ಮ್ಯಾನೇಜರು ಆಗಲೇ ತಲೆಯಾಡಿಸುತ್ತಿದ್ದರು. ನನ್ನ ಪಕ್ಕದ ಅಣ್ಣ ಕೈ ಮುಗಿದುಕೊಂಡೇ, “ನಹೀ ಸಾಬ್” ಎಂದ. ಫಿಟ್ಟರು ಸವೆದ ಬೇರಿಂಗನ್ನು ಮುಟ್ಟಿ ತೋರಿಸಿದರು. ಎಂಜಿನಿಯರ್ ಕನ್ನಡಕ ಹಾಕಿಕೊಂಡು, ಬಗ್ಗಿ ನೋಡಿ, ತಮ್ಮ ಚೀಟಿಯಲ್ಲಿ ಬರೆದದ್ದನ್ನು ಹೊಡೆದುಹಾಕಿದರು. ಭಾಷೆಯ ಪಟ್ಟಿಯನ್ನು ಮತ್ತೆ ಯಾರೂ ಹೊರಗೆ ತೆಗೆಯಲಿಲ್ಲ.

ಆದರೂ ಮೇಸ್ತ್ರಿಗಳನ್ನು ಗೋಡೌನಿಗೆ ಹಾಕಿದರು. “ಕೂಲಿಯವರಿಗೆ ಎದುರು ಮಾತು ಕಲಿಸಿ, ಪರದೇಶದವರ ಮುಂದೆ ನನ್ನ ಮಾನ ಕಳೆದೆ” ಎಂದರಂತೆ ಮ್ಯಾನೇಜರು. ನಾವು ಕಣ್ಣೊರೆಸಿಕೊಂಡರೆ ಮೇಸ್ತ್ರಿಗಳು ನಮ್ಮನ್ನೇ ಗದರಿದರು: “ಅಳ್ತೀರಲ್ಲ, ಶಿಫ್ಟು ಉಳೀತಲ್ವಾ? ಹೊಸ ಮೇಸ್ತ್ರಿ ತಪ್ಪು ಮಾಡಾಕಿಲ್ವಾ? ಓಗಿ ಯೋಳಿ.” ಹೇಳಿದೆವು. ಅವನು ಮೊದಲು ಸಿಡುಕಿದ. ಯಾರೂ ಮಿಷನ್ನು ಮುಟ್ಟದಿದ್ದಾಗ ಕೇಳಿಸಿಕೊಂಡ.

ಗೋಡೌನಿನ ದೂಳು ಅವರ ಎದೆಯನ್ನು ಐದಾರು ವರ್ಷದಲ್ಲೇ ತಿಂದುಹಾಕಿತು. ತೀರಿಕೊಂಡ ಸುದ್ದಿ ಬೆಳಿಗ್ಗೆ ಒಂಬತ್ತಕ್ಕೆ ಬಂತು, ಮಿಷನ್ನುಗಳು ಓಡುತ್ತಿದ್ದವು. ಮ್ಯಾನೇಜರು ಶೆಡ್ಡಿಗೆ ಬಂದು, “ಇಬ್ಬರು ಹೋಗಿ ಬನ್ನಿ, ಮಿಕ್ಕವರು ಕೆಲಸ ನೋಡಿ” ಎಂದರು.

“ಇಲ್ಲ ಸಾ. ಎಲ್ರೂ ಹೋಗ್ತೀವಿ,” ಎಂದೆ.

“ಅವನೀಗ ನಿಮ್ಮ ಮೇಸ್ತ್ರಿ ಅಲ್ಲ ಕಣಮ್ಮ, ಗೋಡೌನಿನವನು.”

“ಅದೂ ತಪ್ಪು ಸಾ.”

ಪಕ್ಕದ ಅಣ್ಣ ತನ್ನ ಮಿಷನ್ನು ನಿಲ್ಲಿಸಿದ. ಆಚೆ ಸಾಲಿನಲ್ಲಿ ಫಿಟ್ಟರು ನಿಲ್ಲಿಸಿದರು. ಸದ್ದು ಒಂದೊಂದಾಗಿ ಆರುತ್ತಾ ಬಂದು, ಕೊನೆಗೆ ಆ ಶೆಡ್ಡಿನಲ್ಲಿ ನಮ್ಮ ನಮ್ಮ ಉಸಿರು ನಮಗೇ ಕೇಳಿಸಿತು. ನರಸೀಪುರದ ಬಸ್ಸಿನಲ್ಲಿ ಅರ್ಧ ಜನಕ್ಕೆ ಸೀಟು ಸಿಗಲಿಲ್ಲ. ನಿಂತುಕೊಂಡೇ ಹೋದೆವು.