ಕೇಳದೆ ತೆಗೆದ ದನಿ

ಡಾಕ್ಟರು ನಮ್ಮ ಉಡುಪಿ ಕಡೆಯವರು, ತುಳು ಮಾತಾಡುತ್ತಾರೆ ಎಂಬ ಒಂದೇ ಕಾರಣಕ್ಕೆ ಅಪ್ಪ ಮುಂಬಯಿ ಹತ್ತಿರದ ಕಲ್ಯಾಣದ ಆ ಆಸ್ಪತ್ರೆಗೆ ಹೋದದ್ದು. ನವಿ ಮುಂಬಯಿಯ ದೊಡ್ಡ ಆಸ್ಪತ್ರೆಗೆ ಹೋಗೋಣವೆಂದು ಅಮ್ಮ ಎಷ್ಟು ಗೋಗರೆದರೂ ಕೇಳಲಿಲ್ಲ. "ಅಲ್ಲಿ ಅವರು ಇಂಗ್ಲಿಷಿನಲ್ಲಿ ಎಂತ ಹೇಳಿದ್ರೂ ನಾನು ತಲೆ ಅಲ್ಲಾಡಿಸ್ಬೇಕು. ನಮ್ಮವರಾದ್ರೆ ಬಿಡಿಸಿ ಹೇಳ್ತಾರೆ" ಎಂದರು. ವಿಠ್ಠಲವಾಡಿ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂತು, ಅಡುಗೆಮನೆಗೆ ಆರ್ಡರು ಕೂಗಿ ಹೇಳುವುದು ಅಪ್ಪನ ಕೆಲಸ. ಕೂಗಿ ಕೂಗಿಯೇ ಗಂಟಲು ಕೆಟ್ಟಿದೆ ಎಂದು ನಾವೆಲ್ಲ ತಿಳಿದಿದ್ದೆವು.

ಡಾಕ್ಟರು ಬಾಯಿ ತುಂಬ ಮಾತಾಡಿದರು. ಊರು ಯಾವುದು, ಯಾರ ಪೈಕಿ ಎಂದೆಲ್ಲ ವಿಚಾರಿಸಿದರು. "ಒಂದು ಸಣ್ಣ ಗಂಟು ಉಂಟು ಮಾರಾಯ್ರೆ, ತೆಗೆದುಬಿಡುವ. ಹೆದರುವಂಥದ್ದು ಎಂತದೂ ಇಲ್ಲ." ಆಮೇಲೆ ನನ್ನ ಸೋದರಮಾವನನ್ನು ಮಾತ್ರ ಒಳಗೆ ಕರೆದು ನಿಜ ಹೇಳಿದರು: ಕ್ಯಾನ್ಸರ್, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು. ರೋಗಿಗೆ ತಿಳಿದರೆ ಎದೆಗುಂದುತ್ತಾರೆ, ಒಪ್ಪದೆಯೂ ಹೋಗಬಹುದು. ಮನೆಯ ಹೆಂಗಸರಿಗೂ ಹೇಳಬೇಡಿ, ಅತ್ತು ರಂಪ ಮಾಡಿಯಾರು. ಮಾವ ಸಹಿ ಹಾಕಿದರು. ಡೊಂಬಿವಲಿಯಿಂದ ದಿನಾ ಲೋಕಲ್ ಹಿಡಿದು ದುಡಿಯಲು ಹೋಗುವ ಹೆಂಗಸು ನಾನು. ಅಳುವ ಮೊದಲು ಕೇಳುವ ಪ್ರಶ್ನೆಗಳು ನನ್ನ ಹತ್ತಿರವೂ ಇದ್ದವು. ನನಗೆ ವಿಷಯ ತಿಳಿದದ್ದು ಆಪರೇಷನ್ ಮುಗಿದ ಮೇಲೆ.

ಎಚ್ಚರವಾದಾಗ ಅಪ್ಪ ನೀರು ಕೇಳಲು ಬಾಯಿ ತೆರೆದರು. ಉಸಿರಾಡಲೆಂದು ಕತ್ತಿನಲ್ಲಿ ಮಾಡಿದ್ದ ತೂತಿನಿಂದ ಬರೀ ಗಾಳಿ ಬಂತು. ಮತ್ತೆ ಮತ್ತೆ ಪ್ರಯತ್ನಿಸಿದರು, ಆಮೇಲೆ ಗಾಬರಿಯಿಂದ ಡಾಕ್ಟರ ಮುಖ ನೋಡಿದರು. "ಜೀವ ಉಳೀತಲ್ಲ, ದೇವರು ದೊಡ್ಡವನು" ಎಂದು ಅವರು ಅಪ್ಪನ ಭುಜ ತಟ್ಟಿ ಹೋದರು. ಆ ಕೈಯನ್ನು ತಳ್ಳಿಬಿಡಬೇಕು ಅನ್ನಿಸುವಷ್ಟು ಸಿಟ್ಟು ಬಂದಿತ್ತು ನನಗೆ.

ಊರಿನಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದ ಅಜ್ಜಿಗೆ ಕಣ್ಣು ಕಾಣುತ್ತಿರಲಿಲ್ಲ. ಮಗ ಎಂದರೆ ಅವಳಿಗೆ ಫೋನಿನಲ್ಲಿ ಕೇಳುವ ದನಿ, ಅಷ್ಟೆ. ಅಪ್ಪನಿಗೆ ಮಾತು ಹೋಗಿದೆ ಎಂದು ನಾವು ಎಷ್ಟು ಹೇಳಿದರೂ ಅವಳು ನಂಬಲಿಲ್ಲ. "ಅವನಿಗೆ ನನ್ನ ಮೇಲೆ ಎಂತದೋ ಸಿಟ್ಟು. ಇಲ್ಲದಿದ್ರೆ ಒಂದು ಸಲ ಅಮ್ಮಾ ಅನ್ಲಿಕ್ಕೆ ಎಂತ ಧಾಡಿ?" ಅಪ್ಪ ರಿಸೀವರನ್ನು ಕಿವಿಗೊತ್ತಿಕೊಂಡು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ರೇಡಿಯೇಷನ್ ಮುಗಿದು, ಅವರಿಗೆ ಪ್ರಯಾಣ ಮಾಡುವ ಶಕ್ತಿ ಬರುವಷ್ಟರಲ್ಲಿ ಅಜ್ಜಿ ತೀರಿಹೋದಳು.

ಒಂದೆರಡು ವರ್ಷದ ಮೇಲೆ ಕಾಯಿಲೆ ಮರಳಿತು. ಈ ಸಲ ಅಪ್ಪ, ಮಾವನ ಜೊತೆ ನಾನೂ ಆಸ್ಪತ್ರೆಗೆ ಹೋಗಿದ್ದೆ. ರಿಪೋರ್ಟ್ ನೋಡಿದ ಡಾಕ್ಟರು "ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ" ಎಂದು ಅಪ್ಪನಿಗೆ ಹೇಳಿ ಮಾವನ ಕಡೆ ತಿರುಗಿದರು. ಅಪ್ಪ ಏಳಲಿಲ್ಲ. ಡಾಕ್ಟರು ಅವರ ಎದುರಿಗೇ ಮಾವನ ಹತ್ತಿರ ಇಂಗ್ಲಿಷಿನಲ್ಲಿ ಶುರುಮಾಡಿದರು. ಅಪ್ಪ ಮೇಜಿಗೆ ಗುದ್ದಿದರು.

"ಕಾಯಿಲೆ ಅವರದ್ದು ಡಾಕ್ಟ್ರೆ, ಅವರಿಗೇ ಹೇಳಿ" ಎಂದೆ ನಾನು.

ಡಾಕ್ಟರು ತಡವರಿಸುತ್ತ ಹೇಳಿದರು. ಶ್ವಾಸಕೋಶಕ್ಕೆ ಹರಡಿದೆ, ಇನ್ನು ಮಾಡುವಂಥದ್ದು ಹೆಚ್ಚೇನೂ ಇಲ್ಲ. ಅಪ್ಪ ಪೂರ್ತಿ ಕೇಳಿ, ಅವರದೇ ಪೆನ್ನು ತೆಗೆದುಕೊಂಡು ನಾಲ್ಕು ಸಾಲು ಬರೆದು, ಕಾಗದವನ್ನು ಅವರ ಕಡೆಗೆ ತಿರುಗಿಸಿ ಇಟ್ಟರು.

"ಹಿಂದಿನ ಸಲವೂ ಹೀಗೆ ಹೇಳಿದ್ದರೆ ಆಪರೇಷನ್ನಿಗೆ ನಾನು ಒಪ್ಪುತ್ತಿದ್ದೆ. ಮೊದಲು ಅಮ್ಮನ ಹತ್ತಿರ ಒಮ್ಮೆ ಮಾತಾಡಿ ಬರುತ್ತಿದ್ದೆ."