ಫ್ಯಾಮಿಲಿ ರೂಮಿಗೆ ಒಬ್ಬಳೇ ಹೋದರೆ

ಸ್ನೇಹಿತರೇ, ಹೊಸಕೋಟೆ ಬಸ್ಸಿನಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ, ಸಿಟ್ಟು ಇನ್ನೂ ಇಳಿದಿಲ್ಲ. ಪಿಲ್ಲಗುಂಪೆಯ ಕಾರ್ಖಾನೆಯಲ್ಲಿ ಇಂದು ನನಗೆ ವಾರದ ರಜೆ. ಒಬ್ಬಳೇ ಬೆಂಗಳೂರಿಗೆ ಹೋಗಿ, ಬೆಳಿಗ್ಗೆಯೆಲ್ಲ ಮ್ಯೂಸಿಯಂನಲ್ಲಿ ಚಿತ್ರ ನೋಡಿದೆ. ಮಧ್ಯಾಹ್ನ ತಣ್ಣಗೆ ಒಂದು ಬಿಯರ್ ಕುಡಿಯೋಣವೆಂದು ಹಳೆಯ ಬಾರ್ ಒಂದಕ್ಕೆ ಹೋದೆ. ಎತ್ತರದ ಸೂರು, ಬೆತ್ತದ ಕುರ್ಚಿ, ಹುರಿದ ಕಡಲೆಬೀಜದ ವಾಸನೆ. ಬಹಳ ದಿನದ ಆಸೆ ಅದು.

ಕೂರುವ ಮೊದಲೇ ಸಪ್ಲೈಯರ್ ಓಡಿ ಬಂದ. “ಮೇಡಂ, ಕೆಳಗಡೆ ಗಂಡಸ್ರು ಮಾತ್ರ. ಲೇಡೀಸ್‌ಗೆ ಮೇಲ್ಗಡೆ ಫ್ಯಾಮಿಲಿ ರೂಮಿದೆ.”

ಸರಿ, ಮೆಟ್ಟಿಲು ಹತ್ತಿದೆ. ಅಲ್ಲಿದ್ದ ಮ್ಯಾನೇಜರ್ ನನ್ನ ಬೆನ್ನ ಹಿಂದೆ ಇಣುಕಿದರು. “ಯಜಮಾನ್ರು ಎಲ್ಲಮ್ಮಾ?”

“ಮನೇಲವ್ರೆ. ಅವ್ರು ಕುಡಿಯಲ್ಲ.”

“ಹಂಗಾದ್ರೆ ಕೊಡಕ್ಕಾಗಲ್ಲಮ್ಮ. ಒಬ್ರೇ ಬಂದ್ರೆ ಫ್ಯಾಮಿಲಿ ಹೆಂಗಾಗುತ್ತೆ?”

“ಕೆಳಗಡೆ ಗಂಡಸ್ರು ಒಬ್ಬೊಬ್ರೇ ಕೂತವ್ರಲ್ಲ ಸ್ವಾಮಿ, ಅವ್ರನ್ನ ಕೇಳಿದ್ರಾ?”

“ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು,” ಎಂದು ಬಾಗಿಲು ತೋರಿಸಿದರು.

ಇಳಿದು ಬರುವಾಗ ಒಬ್ಬ ಮಹಾಶಯರು ಮೇಜಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದರು. ಅವರ ಒಳ್ಳೆಯದನ್ನು ಯಾರೂ ಯೋಚಿಸುತ್ತಿರಲಿಲ್ಲ.

ಬೆಳಿಗ್ಗೆ ಮ್ಯೂಸಿಯಂನಲ್ಲಿ ನೋಡಿದ ಒಂದು ಚಿತ್ರ ಈಗ ಪದೇ ಪದೇ ನೆನಪಾಗುತ್ತಿದೆ. ಆ ಚಿತ್ರದಲ್ಲೂ ಒಬ್ಬ ಹೆಂಗಸು ಒಬ್ಬಳೇ ಕುಳಿತು ಮದ್ಯದ ಬಟ್ಟಲು ಹಿಡಿದಿದ್ದಾಳೆ. ಅವಳ ಮುಂದೆ ಹಗ್ಗ ಕಟ್ಟಿ, ಯಾರೂ ಮುಟ್ಟದಂತೆ ಕಾವಲುಗಾರನನ್ನು ನಿಲ್ಲಿಸಿದ್ದಾರೆ. ಯಜಮಾನರೆಲ್ಲಿ ಎಂದು ಅವಳನ್ನು ಇಷ್ಟು ವರ್ಷದಲ್ಲಿ ಯಾರೂ ಕೇಳಿದಂತಿಲ್ಲ.